ಸಣ್ಣ ಲೋಹದ ತಂತಿಯಲ್ಲಿ ಕರೆಂಟ್ ಜಾಸ್ತಿ ಮಾಡಿದರೆ ರೋಧ ಯಾಕೆ ಬದಲಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಬಂಗಾರಪೇಟೆ, ಮುಳಬಾಗಿಲು ಕಡೆಯ ಬಿಎಸ್ಸಿ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಹತ್ತನೇ ಕ್ಲಾಸಿನಲ್ಲಿ ಓಮ್ ನಿಯಮ ಓದಿದ್ದರೆ ಸಾಕು, ಉಳಿದದ್ದು ಓದುತ್ತಾ ಅರ್ಥವಾಗುತ್ತದೆ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಒಂದೇ ಮಾತು. ರೋಧ ಬದಲಾಯಿತು ಎಂದು ಬರೆದು ಸುಮ್ಮನಾಗಬೇಡಿ. ಮೂರು ವಿಷಯ ಕೇಳಿ. ಕರೆಂಟಿನ ದಿಕ್ಕು ತಿರುಗಿಸಿದರೆ ಏನಾಗುತ್ತದೆ? ಕರೆಂಟ್ ಇಳಿಸಿದರೆ ರೋಧ ಹಿಂದಕ್ಕೆ ಬರುತ್ತದಾ? ಕರೆಂಟನ್ನು ಹಾಗೇ ಬಿಟ್ಟರೆ ಹೊತ್ತು ಕಳೆದಂತೆ ಬದಲಾಗುತ್ತಾ ಹೋಗುತ್ತದಾ? ಈ ಮೂರಕ್ಕೆ ಉತ್ತರ ಸಿಕ್ಕರೆ, ತಂತಿಯೊಳಗೆ ಏನು ನಡೆಯುತ್ತಿದೆ ಎಂಬುದು ಬಹುಪಾಲು ತಿಳಿದ ಹಾಗೆ.

ಕರೆಂಟಿನಿಂದ ರೋಧ ಬದಲಾಗುತ್ತದೆ ಅಂದರೆ ಓಮ್ ನಿಯಮ ಸುಳ್ಳಾ?

ಸುಳ್ಳಲ್ಲ. ಗಿಯೋರ್ಗ್ ಓಮ್ 1827ರಲ್ಲಿ ಈ ನಿಯಮ ಪ್ರಕಟಿಸಿದರು. ನಮ್ಮ ಪಠ್ಯಪುಸ್ತಕದಲ್ಲಿ ಅದರ ಜೊತೆಗೆ ಒಂದು ಷರತ್ತು ಇದೆ: ಉಷ್ಣತೆ ಬದಲಾಗಬಾರದು. ಪರೀಕ್ಷೆಯಲ್ಲಿ ಆ ಸಾಲನ್ನು ಎಲ್ಲರೂ ಬರೆಯುತ್ತಾರೆ, ಆಮೇಲೆ ಮರೆಯುತ್ತಾರೆ. ಕರೆಂಟ್ ಹರಿದ ಕೂಡಲೇ ತಂತಿ ಬಿಸಿಯಾಗುತ್ತದೆ, ಅಲ್ಲಿಗೆ ಷರತ್ತು ಮುರಿಯಿತು. ಮನೆಯ ದಪ್ಪ ತಂತಿಯಲ್ಲಿ ಅದು ಗೊತ್ತಾಗುವುದೇ ಇಲ್ಲ. ಸಣ್ಣ ತಂತಿಯಲ್ಲಿ ಎದ್ದು ಕಾಣುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದಾ?

ನೋಡಬಹುದು. ಹಳೇ ಕಾಲದ 60 ವ್ಯಾಟ್‌ನ ಫಿಲಮೆಂಟ್ ಬಲ್ಬ್ ಸಿಕ್ಕರೆ ತೆಗೆದುಕೊಳ್ಳಿ. ಎಲ್‌ಇಡಿ ಬೇಡ. ಹೋಲ್ಡರ್‌ನಿಂದ ಬಿಚ್ಚಿ, ತಣ್ಣಗಿರುವಾಗ ಮಲ್ಟಿಮೀಟರಿನಲ್ಲಿ ರೋಧ ಅಳೆಯಿರಿ. ಸುಮಾರು 60ರಿಂದ 70 ಓಮ್ ಬರುತ್ತದೆ. ಈಗ ಲೆಕ್ಕ ಮಾಡಿ. 230 ವೋಲ್ಟ್‌ನಲ್ಲಿ 60 ವ್ಯಾಟ್ ಎಳೆಯಬೇಕಾದರೆ ರೋಧ ಸುಮಾರು 880 ಓಮ್ ಇರಬೇಕು. ಅಂದರೆ ಉರಿಯುವಾಗ ಅದೇ ಟಂಗ್‌ಸ್ಟನ್ ತಂತಿಯ ರೋಧ ಹದಿಮೂರು ಪಟ್ಟಿನಷ್ಟು ಏರಿದೆ. ಏರಿಸಿದ್ದು ಅದರಲ್ಲೇ ಹರಿದ ಕರೆಂಟ್. ಉರಿಯುತ್ತಿರುವ ಬಲ್ಬಿಗೆ ಮಾತ್ರ ಮೀಟರ್ ಹಿಡಿಯಬೇಡಿ, ಅದಕ್ಕೆ ಲೆಕ್ಕವೇ ಸಾಕು.

ಲೋಹದಲ್ಲಿ ಬಿಸಿ ಏರಿದರೆ ಪರಮಾಣುಗಳು ಜಾಸ್ತಿ ಅಲುಗಾಡುತ್ತವೆ. ಎಲೆಕ್ಟ್ರಾನ್‌ಗಳಿಗೆ ಅಡ್ಡಿ ಜಾಸ್ತಿ, ರೋಧವೂ ಜಾಸ್ತಿ. ತಾಮ್ರದಲ್ಲಿ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.39 ಶೇಕಡಾ ಏರುತ್ತದೆ.

ಸಣ್ಣದು ಅಂದರೆ ಎಷ್ಟು ಸಣ್ಣದು?

ತಾಮ್ರದಲ್ಲಿ ಒಂದು ಎಲೆಕ್ಟ್ರಾನ್ ಯಾವುದಕ್ಕೂ ಡಿಕ್ಕಿ ಹೊಡೆಯದೆ ಸಾಗುವ ಸರಾಸರಿ ದೂರ, ಕೋಣೆಯ ಉಷ್ಣತೆಯಲ್ಲಿ, ಸುಮಾರು 40 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ). ತಂತಿಯ ಅಗಲ ಇದರ ಹತ್ತಿರಕ್ಕೆ ಬಂದರೆ ಆಟವೇ ಬದಲಾಗುತ್ತದೆ. ಎಲೆಕ್ಟ್ರಾನ್‌ಗಳು ಒಳಗೆ ಡಿಕ್ಕಿ ಹೊಡೆಯುವ ಮೊದಲೇ ತಂತಿಯ ಅಂಚಿಗೆ ಬಡಿಯುತ್ತವೆ. ಜೊತೆಗೆ ಲೋಹ ಒಂದೇ ಹರಳಲ್ಲ, ಸಣ್ಣ ಸಣ್ಣ ಹರಳುಗಳು ಸೇರಿದ್ದು. ಆ ಹರಳುಗಳ ನಡುವಿನ ಗಡಿಗಳಲ್ಲೂ ಎಲೆಕ್ಟ್ರಾನ್‌ಗಳು ಚದುರುತ್ತವೆ. ತಂತಿ ಸಣ್ಣದಾದಷ್ಟೂ ಹರಳುಗಳು ಸಣ್ಣವು, ಗಡಿಗಳು ಜಾಸ್ತಿ.

ಅಂಚಿನ ಲೆಕ್ಕವನ್ನು 1938ರಲ್ಲಿ ಫುಕ್ಸ್ ಕೊಟ್ಟರು, 1952ರಲ್ಲಿ ಸೋಂಡ್‌ಹೈಮರ್ ಬೆಳೆಸಿದರು. ಹರಳಿನ ಗಡಿಗಳ ಲೆಕ್ಕ 1970ರಲ್ಲಿ ಮಾಯಾದಾಸ್ ಮತ್ತು ಶಾಟ್ಸ್‌ಕೆಸ್ ಅವರಿಂದ ಬಂತು. ಹಾಗಾಗಿ ಪುಸ್ತಕದಲ್ಲಿರುವ ತಾಮ್ರದ ರೋಧಶೀಲತೆಯನ್ನು 30 ನ್ಯಾನೋಮೀಟರ್ ತಂತಿಗೆ ನೇರವಾಗಿ ಹಾಕಿದರೆ ಉತ್ತರ ತಪ್ಪುತ್ತದೆ. ನಿಜವಾದ ರೋಧ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಇದು ಕರೆಂಟ್ ಹರಿಸುವ ಮೊದಲಿನ ಕಥೆ.

ಅಷ್ಟು ಸಣ್ಣ ತಂತಿಯಲ್ಲಿ ಎಷ್ಟು ಕರೆಂಟ್ ಹೋಗುತ್ತದೆ? ಕರಗಿ ಹೋಗಲ್ವಾ?

ಇಲ್ಲಿ ಒಂದು ಲೆಕ್ಕ ಮಾಡಲೇಬೇಕು. ಪೆನ್ನು ಹಿಡಿಯಿರಿ.

ಮನೆಯ ವೈರಿಂಗ್‌ನಲ್ಲಿ 1.5 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 10 ಆಂಪಿಯರ್ ಹರಿಯುತ್ತಿದೆ ಅನ್ನಿ. ಒಂದು ಚದರ ಸೆಂಟಿಮೀಟರಿಗೆ ಲೆಕ್ಕ ಹಾಕಿದರೆ ಸುಮಾರು 670 ಆಂಪಿಯರ್.

ಈಗ 100 ನ್ಯಾನೋಮೀಟರ್ ಅಗಲ, 100 ನ್ಯಾನೋಮೀಟರ್ ಎತ್ತರದ ತಂತಿಯಲ್ಲಿ 0.1 ಮಿಲಿಆಂಪಿಯರ್ ಹರಿಸಿ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಚದರ ಸೆಂಟಿಮೀಟರಿಗೆ ಅದು 10 ಲಕ್ಷ ಆಂಪಿಯರ್! ಮನೆಯ ತಂತಿಗಿಂತ 1500 ಪಟ್ಟು ದಟ್ಟ. ಇದೇ ದಟ್ಟಣೆಯನ್ನು ಮನೆಯ ತಂತಿಗೆ ಕೊಡಬೇಕಾದರೆ 15,000 ಆಂಪಿಯರ್ ಹರಿಸಬೇಕು. ಕೆಲವೇ ಮಿಲಿಸೆಕೆಂಡಿನಲ್ಲಿ ತಂತಿ ಕರಗಿ ಹೋಗುತ್ತದೆ.

ಸಣ್ಣ ತಂತಿ ಯಾಕೆ ಕರಗಲ್ಲ? ಅದರ ಉದ್ದ 10 ಮೈಕ್ರೋಮೀಟರ್ ಇದ್ದರೆ ಪುಸ್ತಕದ ಲೆಕ್ಕದಲ್ಲಿ ರೋಧ 17 ಓಮ್. ಹುಟ್ಟುವ ಶಾಖ ಬರೀ 0.17 ಮೈಕ್ರೋವ್ಯಾಟ್. ಜೊತೆಗೆ, ತಂತಿಯನ್ನು ಸಣ್ಣದು ಮಾಡುತ್ತಾ ಹೋದರೆ ಒಳಗಿನ ಲೋಹ ಬೇಗ ಕಡಿಮೆಯಾಗುತ್ತದೆ, ಹೊರಮೈ ಅಷ್ಟು ಬೇಗ ಕಡಿಮೆಯಾಗುವುದಿಲ್ಲ. ಶಾಖ ಹುಟ್ಟುವುದು ಒಳಗೆ, ಹೊರಗೆ ಹೋಗುವುದು ಹೊರಮೈಯಿಂದ. ಇಂಥ ತಂತಿಯನ್ನು ಸಾಮಾನ್ಯವಾಗಿ ಚಿಪ್‌ನ ಸಿಲಿಕಾನ್ ಮೇಲೆ ಕೂರಿಸಿರುತ್ತಾರೆ, ಆ ಸಿಲಿಕಾನ್ ಶಾಖವನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಅದೇ ತಂತಿಯ ಕೆಳಗಿನ ಸಿಲಿಕಾನ್ ಕೊರೆದು ಗಾಳಿಯಲ್ಲಿ ಸೇತುವೆಯಂತೆ ನಿಲ್ಲಿಸಿದರೆ ಎಷ್ಟೋ ಕಡಿಮೆ ಕರೆಂಟಿಗೇ ಸುಟ್ಟು ಹೋಗುತ್ತದೆ.

ಶಿವನಸಮುದ್ರದಿಂದ ಕೆಜಿಎಫ್‌ಗೆ ಬಂದ ಲೈನಿಗೂ ಈ ವಿಷಯಕ್ಕೂ ಸಂಬಂಧ ಇದೆಯಾ?

ಇದೆ. ಈ ಪ್ರಶ್ನೆ ಕೇಳಿದಾಗೆಲ್ಲಾ ನನಗೆ ಖುಷಿಯಾಗುತ್ತದೆ. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ನಮ್ಮ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ತಂದರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನ್‌ಗಳಲ್ಲಿ ಅದೂ ಒಂದು. ಅಷ್ಟು ದೂರದ ತಂತಿಯಲ್ಲಿ ಶಾಖವಾಗಿ ವ್ಯರ್ಥವಾಗುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ. ಕರೆಂಟ್ ಅರ್ಧ ಮಾಡಿದರೆ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ವೋಲ್ಟೇಜನ್ನು 30,000ಕ್ಕೆ ಏರಿಸಿ, ಕರೆಂಟನ್ನು ತಗ್ಗಿಸಿ ಕಳಿಸಿದರು.

ಚಿಪ್‌ನಲ್ಲಿ ಈ ದಾರಿ ಮುಚ್ಚಿದೆ. ಟ್ರಾನ್ಸಿಸ್ಟರ್ ಸಣ್ಣದಾದಂತೆ ಅದು ತಡೆಯುವ ವೋಲ್ಟೇಜ್ ಕೂಡ ಇಳಿಯುತ್ತದೆ. ಈಗಿನ ಪ್ರೊಸೆಸರ್ ಸುಮಾರು 1 ವೋಲ್ಟ್‌ನಲ್ಲಿ ಓಡುತ್ತದೆ. 100 ವ್ಯಾಟ್ ಬೇಕಾದರೆ 100 ಆಂಪಿಯರ್ ಒಳಗೆ ಹೋಗಲೇಬೇಕು. ಕೆಜಿಎಫ್ ಲೈನ್ ಕಟ್ಟಿದವರು ಕರೆಂಟ್ ತಗ್ಗಿಸಿ ಬಚಾವಾದರು. ಚಿಪ್ ಮಾಡುವವರು ತೆಳ್ಳನೆಯ ತಂತಿಗಳಲ್ಲೇ ಆ ಕರೆಂಟನ್ನೆಲ್ಲಾ ಹಂಚಿ ಹೊರಬೇಕು. ಸಣ್ಣ ತಂತಿಯ ರೋಧದ ಬಗ್ಗೆ ಜಗತ್ತು ಇಷ್ಟು ತಲೆ ಕೆಡಿಸಿಕೊಳ್ಳಲು ಇದೇ ದೊಡ್ಡ ಕಾರಣ.

ಬದಲಾವಣೆ ಬಿಸಿಯಿಂದಲೇ ಆಗಿದ್ದು ಅಂತ ಹೇಗೆ ಹೇಳುವುದು?

ಗ್ರಾಫ್ ಹಾಕಿ. ಅಡ್ಡ ಅಕ್ಷದಲ್ಲಿ ಕರೆಂಟ್ ಅಲ್ಲ, ಕರೆಂಟಿನ ವರ್ಗ. ಲಂಬ ಅಕ್ಷದಲ್ಲಿ ರೋಧ. ಬಿಸಿಯೇ ಕಾರಣವಾಗಿದ್ದರೆ, ಬಿಸಿ ತೀರಾ ಜಾಸ್ತಿಯಾಗುವವರೆಗೆ ಸರಳರೇಖೆ ಬರುತ್ತದೆ. ಆಮೇಲೆ ಕರೆಂಟ್ ತಿರುಗಿಸಿ ಅದೇ ಅಳತೆ ಮಾಡಿ. ಶಾಖಕ್ಕೆ ದಿಕ್ಕಿಲ್ಲ, ಹಾಗಾಗಿ ಎರಡೂ ರೇಖೆ ಒಂದರ ಮೇಲೊಂದು ಕೂರಬೇಕು. ಕೊನೆಗೆ ಕರೆಂಟ್ ಇಳಿಸಿ, ರೋಧ ಮೊದಲಿನ ಜಾಗಕ್ಕೇ ಬರಬೇಕು.

ಇದರಲ್ಲಿ ಒಂದು ಲಾಭವೂ ಇದೆ. ತಂತಿಯೇ ತನ್ನ ಥರ್ಮಾಮೀಟರ್ ಆಗುತ್ತದೆ. ರೋಧ 100 ಓಮ್‌ನಿಂದ 104 ಆಯಿತು ಅಂದರೆ, ದಪ್ಪ ತಾಮ್ರದ ಲೆಕ್ಕದಲ್ಲಿ ಸುಮಾರು 10 ಡಿಗ್ರಿ ಬಿಸಿಯಾಗಿದೆ.

ಆದರೆ ಇಲ್ಲೇ ಜಾಸ್ತಿ ಜನ ಎಡವುವುದು. ಸಣ್ಣ ತಂತಿಯಲ್ಲಿ ರೋಧದ ದೊಡ್ಡ ಪಾಲು ಅಂಚು ಮತ್ತು ಗಡಿಗಳಿಂದ ಬರುತ್ತದೆ. ಆ ಪಾಲು ಉಷ್ಣತೆಗೆ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಪ್ರತಿ ಡಿಗ್ರಿಗೆ ಏರುವ ಶೇಕಡಾವಾರು ಪುಸ್ತಕದಲ್ಲಿರುವುದಕ್ಕಿಂತ ಕಡಿಮೆ. ಪುಸ್ತಕದ ಸಂಖ್ಯೆ ಹಾಕಿದರೆ ತಂತಿ ನಿಜವಾಗಿ ಎಷ್ಟು ಬಿಸಿಯಾಗಿದೆಯೋ ಅದಕ್ಕಿಂತ ಕಡಿಮೆ ತೋರಿಸುತ್ತದೆ. ಮೊದಲು ಅದೇ ತಂತಿಯನ್ನು ಓವನ್‌ನಲ್ಲಿಟ್ಟು, ತೀರಾ ಕಡಿಮೆ ಕರೆಂಟ್ ಹರಿಸಿ, ಬೇರೆ ಬೇರೆ ಉಷ್ಣತೆಯಲ್ಲಿ ರೋಧ ಅಳೆದಿಟ್ಟುಕೊಳ್ಳಿ. ಈ ಕೆಲಸ ಬಿಟ್ಟರೆ ಮುಂದಿನ ಲೆಕ್ಕ ಯಾವುದನ್ನೂ ನಂಬುವ ಹಾಗಿಲ್ಲ.

ಕರೆಂಟಿಗೆ ಪರಮಾಣುಗಳೇ ಜಾಗ ಬಿಟ್ಟು ಹೋಗುತ್ತವೆ ಅಂತಾರೆ, ನಿಜಾನಾ?

ನಿಜ. ಇದರ ಹೆಸರು ಎಲೆಕ್ಟ್ರೋಮೈಗ್ರೇಶನ್. ಈ ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ಎಲೆಕ್ಟ್ರಾನ್ ಪರಮಾಣುವಿಗೆ ಹೋಲಿಸಿದರೆ ತೀರಾ ಹಗುರ. ಒಂದು ಡಿಕ್ಕಿಯಿಂದ ಏನೂ ಆಗುವುದಿಲ್ಲ. ಆದರೆ ಚದರ ಸೆಂಟಿಮೀಟರಿಗೆ 10 ಲಕ್ಷ ಆಂಪಿಯರ್ ಹರಿಯುವಾಗ ಲೆಕ್ಕವಿಲ್ಲದಷ್ಟು ಡಿಕ್ಕಿಗಳು ಒಂದೇ ದಿಕ್ಕಿಗೆ ತಳ್ಳುತ್ತವೆ. ಜೋರು ಮಳೆ ನೀರು ಹೊಲದ ಬದುವಿನ ಸಡಿಲ ಮಣ್ಣನ್ನು ಮೊದಲು ಕೊಚ್ಚಿಕೊಂಡು ಹೋಗುವ ಹಾಗೆ, ಈ ತಳ್ಳಾಟದಲ್ಲಿ ಗಟ್ಟಿಯಾಗಿ ಕೂರದ ಪರಮಾಣುಗಳು ಮೊದಲು ಹೊರಡುತ್ತವೆ. ಅಲ್ಯೂಮಿನಿಯಂನಲ್ಲಿ ಅವು ಹರಳಿನ ಗಡಿಗಳ ಉದ್ದಕ್ಕೆ ಸಾಗುತ್ತವೆ. ಚಿಪ್‌ನ ತಾಮ್ರದಲ್ಲಿ ಹೆಚ್ಚಾಗಿ ಮೇಲ್ಮೈ ಪದರದ ಉದ್ದಕ್ಕೆ.

ಪರಮಾಣುಗಳು ಹೋಗುವುದು ಎಲೆಕ್ಟ್ರಾನ್ ಹೋಗುವ ದಿಕ್ಕಿಗೆ, ಅಂದರೆ ನಾವು ಕರೆಂಟಿಗೆ ಹಾಕುವ ಬಾಣದ ವಿರುದ್ಧ ದಿಕ್ಕಿಗೆ. ಎಲೆಕ್ಟ್ರಾನ್ ಒಳಗೆ ಬರುವ ತುದಿಯಲ್ಲಿ ಪೊಳ್ಳು ಆಗುತ್ತದೆ. ಹೊರಗೆ ಹೋಗುವ ತುದಿಯಲ್ಲಿ ಲೋಹ ಗುಡ್ಡೆ ಕಟ್ಟುತ್ತದೆ. ಬಹಳ ಹೊತ್ತು ರೋಧ ಏನೂ ಆಗದ ಹಾಗೆ ಇರುತ್ತದೆ. ಪೊಳ್ಳು ತಂತಿಯ ಅಗಲವನ್ನು ತಿನ್ನತೊಡಗಿದಾಗ ಮಾತ್ರ ಏರುತ್ತದೆ. ಅಗಲ ಕಡಿಮೆಯಾದರೆ ಅಲ್ಲಿ ಕರೆಂಟ್ ಇನ್ನೂ ದಟ್ಟ, ಬಿಸಿ ಇನ್ನೂ ಜಾಸ್ತಿ, ಸವೆತ ಇನ್ನೂ ಬೇಗ. ಕೊನೆಗೆ ತಂತಿ ಕಡಿದು ಹೋಗುತ್ತದೆ. ಮುಟ್ಟಬಾರದ ಕಡೆ ಗುಡ್ಡೆ ಮುಟ್ಟಿದರೆ ಶಾರ್ಟ್ ಕೂಡ ಆಗಬಹುದು.

1969ರಲ್ಲಿ ಜೇಮ್ಸ್ ಬ್ಲ್ಯಾಕ್ ತಂತಿಯ ಆಯಸ್ಸಿಗೆ ಒಂದು ಸೂತ್ರ ಕೊಟ್ಟರು. ಕರೆಂಟಿನ ದಟ್ಟಣೆಯ ವರ್ಗಕ್ಕೆ ತಕ್ಕಂತೆ ಆಯಸ್ಸು ಇಳಿಯುತ್ತದೆ. ದಟ್ಟಣೆ ಎರಡು ಪಟ್ಟಾದರೆ ಆಯಸ್ಸು ಕಾಲು ಭಾಗ. ಉಷ್ಣತೆ ಏರಿದರೆ ಇನ್ನೂ ಬೇಗ ಇಳಿಯುತ್ತದೆ. ಕಂಪನಿಗಳು ಚಿಪ್ ಎಷ್ಟು ವರ್ಷ ಬಾಳುತ್ತದೆ ಎಂದು ಅಂದಾಜು ಮಾಡಲು ಇದನ್ನು ಬಳಸುತ್ತವೆ. ಹತ್ತು ವರ್ಷ ಕಾಯಲು ಆಗುವುದಿಲ್ಲ ಅಲ್ವಾ? ಹಾಗಾಗಿ ಜಾಸ್ತಿ ಬಿಸಿಯಲ್ಲಿ, ಜಾಸ್ತಿ ಕರೆಂಟಿನಲ್ಲಿ ಬೇಗ ಕೆಡಿಸಿ ನೋಡಿ, ಅಲ್ಲಿಂದ ಲೆಕ್ಕ ಹಾಕುತ್ತಾರೆ.

1976ರಲ್ಲಿ ಇಲಾನ್ ಬ್ಲೆಕ್ ಇನ್ನೊಂದು ಸೊಗಸಾದ ವಿಷಯ ಪ್ರಕಟಿಸಿದರು. ತಂತಿ ಸಾಕಷ್ಟು ಗಿಡ್ಡ ಇದ್ದರೆ ಪರಮಾಣುಗಳ ಸಾಗಾಟ ನಿಂತೇ ಹೋಗುತ್ತದೆ. ಗುಡ್ಡೆ ಕಟ್ಟಿದ ತುದಿಯಲ್ಲಿ ಒತ್ತಡ ಬೆಳೆದು ಪರಮಾಣುಗಳನ್ನು ವಾಪಸ್ ತಳ್ಳುತ್ತದೆ. ಮುಂದಕ್ಕೆ ತಳ್ಳುವ ಬಲವೂ ಹಿಂದಕ್ಕೆ ತಳ್ಳುವ ಬಲವೂ ಸಮವಾದರೆ ಸವೆತವೇ ಇಲ್ಲ. ಉದ್ದ ಮತ್ತು ಕರೆಂಟ್ ದಟ್ಟಣೆ ಗುಣಿಸಿದಾಗ ಒಂದು ಮಿತಿಯ ಒಳಗಿದ್ದರೆ ತಂತಿ ಬಚಾವ್. ಚಿಪ್ ವಿನ್ಯಾಸ ಮಾಡುವವರಿಗೆ ಇದು ದೊಡ್ಡ ಆಸರೆ.

ಚಿಪ್‌ನಲ್ಲಿ ಅಲ್ಯೂಮಿನಿಯಂ ಬಿಟ್ಟು ತಾಮ್ರಕ್ಕೆ ಬಂದಿದ್ದು ಇದಕ್ಕೇನಾ?

ಇದೂ ಒಂದು ಕಾರಣ. ತಾಮ್ರದ ರೋಧ ಕಡಿಮೆ, ಅದರ ಪರಮಾಣುಗಳು ಅಷ್ಟು ಸುಲಭಕ್ಕೆ ಕದಲುವುದೂ ಇಲ್ಲ. ಮೊದಲು ಅಲ್ಯೂಮಿನಿಯಂಗೇ ಸ್ವಲ್ಪ ತಾಮ್ರ ಬೆರೆಸಿ ಸುಧಾರಿಸಿದ್ದರು. 1997ರಲ್ಲಿ ಐಬಿಎಂ ಪೂರ್ತಿ ತಾಮ್ರದ ತಂತಿಗಳ ಚಿಪ್ ಘೋಷಿಸಿತು.

ನಮ್ಮ ಪ್ರಯೋಗದಲ್ಲಿ ಕರೆಂಟ್ ಏರಿಸಿದರೆ ರೋಧ ಕಡಿಮೆ ಆಯಿತು. ಮೀಟರ್ ಕೆಟ್ಟಿದೆಯಾ?

ಮೀಟರ್ ಮೇಲೆ ಹಾಕುವ ಮೊದಲು ಕರೆಂಟ್ ಇಳಿಸಿ ನೋಡಿ. ರೋಧ ಕೆಳಗೇ ಉಳಿದರೆ, ಬಿಸಿಗೆ ಲೋಹದ ಸಣ್ಣ ಹರಳುಗಳು ಸೇರಿ ದೊಡ್ಡವಾಗಿರಬಹುದು. ಗಡಿಗಳು ಕಡಿಮೆಯಾದವು, ರೋಧವೂ ಇಳಿಯಿತು. ಹೊಸದಾಗಿ ಕೂರಿಸಿದ ತೆಳು ಪದರಗಳಲ್ಲಿ ಇದು ಸಾಮಾನ್ಯ. ಇನ್ನೊಂದು ಕಾರಣ ಸಂಪರ್ಕದ ಜಾಗ. ಪ್ರೋಬ್ (ಅಳೆಯಲು ತಂತಿಗೆ ಮುಟ್ಟಿಸುವ ಸೂಜಿ) ಮತ್ತು ಲೋಹದ ನಡುವೆ ತೆಳ್ಳನೆಯ ಆಕ್ಸೈಡ್ ಇದ್ದರೆ, ವೋಲ್ಟೇಜ್ ಏರಿದಾಗ ಅದು ಒಡೆದು ರೋಧ ದಿಢೀರ್ ಇಳಿಯುತ್ತದೆ. ನಾಲ್ಕು ಪ್ರೋಬ್ ಅಳತೆ ಮಾಡಿದರೆ, ಅಂದರೆ ಎರಡು ಪ್ರೋಬ್‌ನಲ್ಲಿ ಕರೆಂಟ್ ಹರಿಸಿ ಬೇರೆ ಎರಡರಲ್ಲಿ ವೋಲ್ಟೇಜ್ ಅಳೆದರೆ, ಎರಡನೇ ಅನುಮಾನ ಹೋಗುತ್ತದೆ.

ಕರೆಂಟಿನ ದಿಕ್ಕಿನಿಂದಲೇ ರೋಧ ಬದಲಾಗುವುದುಂಟಾ?

ಉಂಟು. ಅದಕ್ಕೆ ಕಾಂತೀಯ ಲೋಹಗಳು ಬೇಕು. ಎರಡು ಕಾಂತೀಯ ಪದರಗಳ ನಡುವೆ ಕಾಂತೀಯವಲ್ಲದ ತೆಳು ಪದರ ಇಡಿ. ಎರಡರ ಕಾಂತ ದಿಕ್ಕು ಒಂದೇ ಆಗಿದ್ದರೆ ರೋಧ ಕಡಿಮೆ, ವಿರುದ್ಧವಾಗಿದ್ದರೆ ಜಾಸ್ತಿ. ಇದನ್ನು 1988ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫೆರ್ ಮತ್ತು ಜರ್ಮನಿಯ ಪೀಟರ್ ಗ್ರೂನ್‌ಬರ್ಗ್ ತಂಡಗಳು ಬೇರೆ ಬೇರೆಯಾಗಿ ಕಂಡುಕೊಂಡವು. 2007ರ ಭೌತಶಾಸ್ತ್ರ ನೊಬೆಲ್ ಇಬ್ಬರಿಗೂ ಬಂತು. ಹಾರ್ಡ್ ಡಿಸ್ಕ್ ಓದುವ ತಲೆಗಳಲ್ಲಿ ಇದು ಬಳಕೆಗೆ ಬಂತು.

ಇಲ್ಲಿಯವರೆಗೆ ಕಾಂತ ದಿಕ್ಕು ತಿರುಗಿಸಲು ಹೊರಗಿನಿಂದ ಕಾಂತಕ್ಷೇತ್ರ ಬೇಕಿತ್ತು. 1996ರಲ್ಲಿ ಜಾನ್ ಸ್ಲೊನ್‌ಚೆವ್‌ಸ್ಕಿ ಮತ್ತು ಲುಕ್ ಬರ್ಜರ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಕರೆಂಟ್ ಒಂದೇ ಸಾಕು ಎಂದು ಲೆಕ್ಕ ಹಾಕಿ ತೋರಿಸಿದರು. ಎಲೆಕ್ಟ್ರಾನಿಗೆ ಸ್ಪಿನ್ ಇದೆ, ಅಂದರೆ ಅದೂ ಒಂದು ಪುಟ್ಟ ಕಾಂತದ ಹಾಗೆ. ಮೊದಲ ಪದರ ದಾಟಿದ ಎಲೆಕ್ಟ್ರಾನ್‌ಗಳ ಸ್ಪಿನ್ ಹೆಚ್ಚಾಗಿ ಒಂದೇ ಕಡೆಗೆ ಇರುತ್ತದೆ. ಅವು ಎರಡನೇ ಪದರಕ್ಕೆ ಹೋಗಿ ಅದನ್ನೂ ತಮ್ಮ ಕಡೆಗೆ ತಿರುಚುತ್ತವೆ. ಕರೆಂಟನ್ನು ಒಂದು ದಿಕ್ಕಿಗೆ ಹರಿಸಿದರೆ ಎರಡೂ ಪದರ ಒಂದೇ ಕಡೆ, ರೋಧ ಕಡಿಮೆ. ಎದುರು ದಿಕ್ಕಿಗೆ ಹರಿಸಿದರೆ ವಿರುದ್ಧ, ರೋಧ ಜಾಸ್ತಿ. ಕರೆಂಟ್ ನಿಲ್ಲಿಸಿದರೂ ಆ ಸ್ಥಿತಿ ಉಳಿಯುತ್ತದೆ. 2000ದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ ಕೋಬಾಲ್ಟ್, ತಾಮ್ರ, ಕೋಬಾಲ್ಟ್ ಪದರಗಳ ಪುಟ್ಟ ಕಂಬದಲ್ಲಿ ಇದನ್ನು ಮಾಡಿ ತೋರಿಸಿತು. ಇಂದು ಕರೆಂಟ್ ಹೋದರೂ ಮರೆಯದ ಒಂದು ಬಗೆಯ ಮೆಮೊರಿ ಚಿಪ್‌ಗಳು ಇದರ ಮೇಲೆ ನಿಂತಿವೆ.

ಯಾಕೆ ಪುಟ್ಟ ಕಂಬವೇ ಬೇಕು? 100 ನ್ಯಾನೋಮೀಟರ್ ಅಗಲದ ಕಂಬಕ್ಕೆ ಚದರ ಸೆಂಟಿಮೀಟರಿಗೆ 1 ಕೋಟಿ ಆಂಪಿಯರ್ ದಟ್ಟಣೆ ಕೊಡಲು 1 ಮಿಲಿಆಂಪಿಯರ್‌ಗಿಂತ ಕಡಿಮೆ ಸಾಕು. ದೊಡ್ಡ ಕಂಬವಾದರೆ ಕರೆಂಟ್ ತನ್ನ ಸುತ್ತ ಹುಟ್ಟಿಸುವ ಕಾಂತಕ್ಷೇತ್ರವೇ ಮೇಲುಗೈ ಆಗಿ, ಸ್ಪಿನ್‌ನ ಪರಿಣಾಮ ಮುಚ್ಚಿಹೋಗುತ್ತದೆ.

ಒಂದೇ ಪರಮಾಣುವಿನ ತಂತಿ ಮಾಡಿದರೆ?

ಅಲ್ಲಿ ರೋಧಕ್ಕೆ ಲೋಹದ ಉದ್ದವಾಗಲಿ ರೋಧಶೀಲತೆಯಾಗಲಿ ಲೆಕ್ಕಕ್ಕೆ ಬರುವುದಿಲ್ಲ. ಎರಡು ಚಿನ್ನದ ತುದಿಗಳನ್ನು ಮುಟ್ಟಿಸಿ ನಿಧಾನಕ್ಕೆ ಎಳೆದರೆ, ಕಡಿಯುವ ಮುಂಚೆ ಒಂದೇ ಪರಮಾಣು ಉಳಿಯುತ್ತದೆ. ಆಗ ರೋಧ ಸುಮಾರು 12,900 ಓಮ್. ಇದು ಪ್ಲಾಂಕ್ ಸ್ಥಿರಾಂಕ ಮತ್ತು ಎಲೆಕ್ಟ್ರಾನಿನ ಆವೇಶದಿಂದ ಬರುವ ಸಂಖ್ಯೆ. 0.1 ವೋಲ್ಟ್ ಕೊಟ್ಟರೆ ಆ ಒಂದು ಪರಮಾಣುವಿನಲ್ಲಿ 8 ಮೈಕ್ರೋಆಂಪಿಯರ್ ಹತ್ತಿರ ಹರಿಯುತ್ತದೆ. ಚದರ ಸೆಂಟಿಮೀಟರ್ ಲೆಕ್ಕದಲ್ಲಿ ಸಾವಿರ ಕೋಟಿ ಆಂಪಿಯರ್! ಆದರೂ ತಾಳುತ್ತದೆ, ಯಾಕೆಂದರೆ ಶಾಖ ಬಹುಪಾಲು ಹುಟ್ಟುವುದು ಪರಮಾಣುವಿನಲ್ಲಲ್ಲ, ಆಚೀಚೆಯ ದಪ್ಪ ಲೋಹದಲ್ಲಿ.

ಚಿನ್ನವೇ ಯಾಕೆ? ಚಿನ್ನ ಎಲ್ಲಕ್ಕಿಂತ ಒಳ್ಳೆಯ ವಾಹಕವಾ?

ಅಲ್ಲ. ಬೆಳ್ಳಿ ಮೊದಲು, ತಾಮ್ರ ಎರಡನೆಯದು, ಚಿನ್ನ ಮೂರನೆಯದು. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಅಷ್ಟೇ. ಸಣ್ಣ ತಂತಿಯಲ್ಲಿ ಹೊರಮೈಯೇ ಮುಖ್ಯವಾದ್ದರಿಂದ ಈ ಗುಣಕ್ಕೆ ಬೆಲೆ ಜಾಸ್ತಿ. ನಮ್ಮ ಗಣಿ 2001ರಲ್ಲಿ ಮುಚ್ಚಿದರೂ ಇಲ್ಲಿನ ಮಕ್ಕಳು ಈ ಪ್ರಶ್ನೆ ಕೇಳುವುದನ್ನು ಬಿಟ್ಟಿಲ್ಲ.

ಕೋಲಾರದ ಹತ್ತಿರದ ನರಸಾಪುರದ ಫ್ಯಾಕ್ಟರಿಯಲ್ಲಿ ಈ ತಂತಿಗಳನ್ನು ಮಾಡುತ್ತಾರಾ?

ಇಲ್ಲ. ಅಲ್ಲಿ ಐಫೋನ್ ಜೋಡಿಸುತ್ತಾರೆ. ಫೋನಿನೊಳಗಿನ ಪ್ರೊಸೆಸರ್ ಬೇರೆ ಕಡೆಯಿಂದ ತಯಾರಾಗಿ ಬರುತ್ತದೆ. ಆದರೆ ಅಲ್ಲಿ ಕೆಲಸ ಮಾಡುವವರು ಮಣಿಕಟ್ಟಿಗೆ ಪಟ್ಟಿ ಕಟ್ಟಿ ದೇಹದ ಸ್ಥಾಯಿ ವಿದ್ಯುತ್ತನ್ನು ನೆಲಕ್ಕಿಳಿಸುತ್ತಾರಲ್ಲ, ಅದು ಇದೇ ವಿಷಯಕ್ಕೆ ಸೇರಿದ್ದು. ಬೆರಳಿನಿಂದ ಹಾರುವ ಒಂದು ಕಿಡಿಗೆ ಸಣ್ಣ ತಂತಿ ಕಡಿದು ಹೋಗಬಹುದು.

ಕೋಲಾರದಿಂದ ಇಂಥ ತಂತಿ ಮಾಡಿ ನೋಡಲು ಎಲ್ಲಿಗೆ ಹೋಗಬೇಕು?

ಹತ್ತಿರದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿನ ನ್ಯಾನೋ ವಿಜ್ಞಾನ ಮತ್ತು ಇಂಜಿನಿಯರಿಂಗ್ ಕೇಂದ್ರದಲ್ಲಿ ಧೂಳಿಲ್ಲದ ಕ್ಲೀನ್ ರೂಮ್ ಇದೆ. ಇಂಡಿಯನ್ ನ್ಯಾನೋಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಂ ಎಂಬ ಯೋಜನೆ ಹೊರಗಿನ ಕಾಲೇಜುಗಳವರಿಗೆ ಇಂಥ ಸೌಲಭ್ಯ ಬಳಸಲು ದಾರಿ ಮಾಡಿಕೊಟ್ಟಿದೆ. ನಿಮ್ಮ ಮೇಷ್ಟ್ರ ಮೂಲಕ ವಿಚಾರಿಸಿ. ಸಣ್ಣ ಕಾಲೇಜಿನವರು ಅಂತ ಹಿಂಜರಿಯಬೇಡಿ, ಆ ಯೋಜನೆ ಇರುವುದೇ ಹೊರಗಿನವರಿಗೆ.

ಅಳತೆ ಮಾಡುವಾಗ ಏನೇನು ಬರೆದಿಡಬೇಕು?

ಮೊದಲು, ತೀರಾ ಕಡಿಮೆ ಕರೆಂಟಿನಲ್ಲಿ ರೋಧ. ಇದೇ ನಿಮ್ಮ ಆಧಾರ. ಆಮೇಲೆ ಕರೆಂಟನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಪ್ರತಿ ಹಂತದಲ್ಲೂ ಎರಡೂ ದಿಕ್ಕಿಗೆ ಅಳೆಯಿರಿ. ಎರಡರ ಸರಾಸರಿ ತೆಗೆದುಕೊಂಡರೆ ಸಂಪರ್ಕಗಳಲ್ಲಿ ಉಷ್ಣತೆಯ ವ್ಯತ್ಯಾಸದಿಂದ ಹುಟ್ಟುವ ಪುಟ್ಟ ವೋಲ್ಟೇಜ್ ಕೂಡ ರದ್ದಾಗುತ್ತದೆ. ಕಾಂತೀಯ ಪದರಗಳಿದ್ದರೆ ಮಾತ್ರ ಸರಾಸರಿ ಬೇಡ, ಎರಡನ್ನೂ ಬೇರೆ ಬೇರೆ ಬರೆಯಿರಿ. ನೋಡಬೇಕಾದ ವಿಷಯವೇ ಆ ವ್ಯತ್ಯಾಸದಲ್ಲಿ ಇರುತ್ತದೆ. ಪ್ರತಿ ಹಂತ ಮುಗಿದ ಮೇಲೆ ಮತ್ತೆ ಕಡಿಮೆ ಕರೆಂಟಿಗೆ ಇಳಿದು ಆಧಾರದ ರೋಧ ಅಲ್ಲೇ ಇದೆಯಾ ನೋಡಿ. ಗಡಿಯಾರದ ಸಮಯ, ಕೋಣೆಯ ಉಷ್ಣತೆ, ಯಾವ ಪ್ರೋಬ್ ಯಾವ ತುದಿಗೆ ಎಂಬುದೂ ಪುಸ್ತಕದಲ್ಲಿ ಇರಲಿ. ತಂತಿ ಕಡಿದು ಹೋದರೆ ಎಸೆಯಬೇಡಿ. ಮೈಕ್ರೋಸ್ಕೋಪಿನಲ್ಲಿ ಯಾವ ತುದಿಯಲ್ಲಿ ಪೊಳ್ಳು, ಯಾವ ತುದಿಯಲ್ಲಿ ಗುಡ್ಡೆ ಎಂದು ನೋಡಿ. ಮಧ್ಯದಲ್ಲಿ ಕರಗಿದ್ದರೆ ಬಿಸಿ ಕಾರಣ ಇರಬಹುದು, ಎಲೆಕ್ಟ್ರಾನ್ ಒಳಬರುವ ತುದಿಯಲ್ಲಿ ಸವೆದಿದ್ದರೆ ಎಲೆಕ್ಟ್ರೋಮೈಗ್ರೇಶನ್ ಇರಬಹುದು. ಪ್ರೋಬ್ ಯಾವ ತುದಿಗೆ ಎಂದು ಬರೆದಿಡಲು ಹೇಳಿದ್ದು ಇದಕ್ಕೇ.